ಹೆಸರು ಮರಳಿತು, ಕಸುಬು ಮರಳಬೇಕು: ವೃತ್ತಿವಿರಾಮದ ನಂತರ ಡೆಂಟಲ್ ಹೈಜೀನಿಸ್ಟರ ಮರುಪ್ರವೇಶ

ಭಾರತದಲ್ಲಿ ಬಾಯಿಯ ಆರೋಗ್ಯದ ಚರ್ಚೆ ಹೆಚ್ಚಾಗಿ ದಂತವೈದ್ಯರ ಸಂಖ್ಯೆ, ದಂತ ಕಾಲೇಜುಗಳ ಗುಣಮಟ್ಟ ಮತ್ತು ಚಿಕಿತ್ಸೆಯ ವೆಚ್ಚ ಎಂಬ ಮೂರು ವಿಷಯಗಳಲ್ಲೇ ಮುಗಿದುಹೋಗುತ್ತದೆ. ದಂತವೈದ್ಯರ ಜೊತೆಗೆ ನಿಂತು, ರೋಗ ಬಲಿಯುವ ಮೊದಲೇ ಹಲ್ಲು ಮತ್ತು ವಸಡುಗಳನ್ನು ಕಾಪಾಡಬೇಕಾದ ಡೆಂಟಲ್ ಹೈಜೀನಿಸ್ಟರ ಪ್ರಸ್ತಾಪ ಅಲ್ಲಿ ಅಪರೂಪ. ಅವರಲ್ಲಿ ಹೆರಿಗೆ, ಮಕ್ಕಳ ಪಾಲನೆ, ಹಿರಿಯರ ಆರೈಕೆ, ಊರು ಬದಲಾವಣೆ ಅಥವಾ ಸ್ವಂತ ಅನಾರೋಗ್ಯದ ಕಾರಣದಿಂದ ಕೆಲಸ ಬಿಟ್ಟು, ಕೆಲವು ವರ್ಷಗಳ ನಂತರ ಮರಳಲು ಬಯಸುವವರ ಪ್ರಸ್ತಾಪವಂತೂ ಇನ್ನೂ ಅಪರೂಪ. ಹೈದರಾಬಾದಿನ ಉತ್ತರದಂಚಿನ ಜೀಡಿಮೆಟ್ಲಾ ಪ್ರದೇಶವನ್ನು ಮುಂದಿಟ್ಟುಕೊಂಡು ಈ ಮರುಪ್ರವೇಶದ ಪ್ರಶ್ನೆಯನ್ನು ಕಾನೂನು, ಕುಟುಂಬ, ಕಸುಬು ಮತ್ತು ದುಡಿಮೆಯ ಸಮಯ ಎಂಬ ನಾಲ್ಕು ನೆಲೆಗಳಲ್ಲಿ ಪರಿಶೀಲಿಸಿ, ಇರುವ ಸೌಲಭ್ಯಗಳಲ್ಲೇ ಏನು ಸಾಧ್ಯವೆಂಬುದನ್ನು ತಿಳಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವೃತ್ತಿ ಮತ್ತು ಅದರ ಕಾನೂನು

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಬ್ರಿಜ್‌ಪೋರ್ಟಿನಲ್ಲಿ ಆಲ್ಫ್ರೆಡ್ ಫೋನ್ಸ್ ಎಂಬ ದಂತವೈದ್ಯರು 1906ರಲ್ಲಿ ತಮ್ಮ ಸಹಾಯಕಿ ಐರೀನ್ ನ್ಯೂಮನ್ ಅವರಿಗೆ ಹಲ್ಲು ಶುಚಿಗೊಳಿಸುವ ವಿಧಾನವನ್ನು ಕಲಿಸಿದಾಗ ಈ ವೃತ್ತಿಗೆ ಬೀಜ ಬಿತ್ತು. 1913ರಲ್ಲಿ ಅದೇ ಊರಿನಲ್ಲಿ ಅವರು ಇದಕ್ಕೆಂದೇ ಶಾಲೆಯನ್ನು ತೆರೆದರು. ಭಾರತದ ಕಾನೂನಿನಲ್ಲಿ ಇದಕ್ಕೆ ಸ್ಥಾನ ದೊರೆತದ್ದು 1948ರ ದಂತವೈದ್ಯರ ಕಾಯ್ದೆಯ ಮೂಲಕ. ದಂತವೈದ್ಯರಾಗಲಿ ವೈದ್ಯರಾಗಲಿ ಅಲ್ಲದೆ, ಹಲ್ಲಿನ ಮೇಲಿನ ಕಿಟ್ಟವನ್ನು ತೆಗೆಯುವ, ಹಲ್ಲನ್ನು ಶುಚಿಗೊಳಿಸಿ ಹೊಳಪು ಕೊಡುವ ಅಥವಾ ದಂತಸ್ವಚ್ಛತೆಯ ತಿಳಿವಳಿಕೆ ನೀಡುವ ವ್ಯಕ್ತಿಯನ್ನು ಆ ಕಾಯ್ದೆ ಡೆಂಟಲ್ ಹೈಜೀನಿಸ್ಟ್ ಎಂದು ಗುರುತಿಸಿ, ಅಂಥವರ ಹೆಸರನ್ನು ರಾಜ್ಯ ದಂತವೈದ್ಯ ಪರಿಷತ್ತುಗಳು ಪ್ರತ್ಯೇಕ ನೋಂದಣಿ ಪುಸ್ತಕದಲ್ಲಿ ದಾಖಲಿಸಬೇಕೆಂದು ವಿಧಿಸಿತು. ಪದವಿಪೂರ್ವ ಶಿಕ್ಷಣದ ನಂತರ ಎರಡು ವರ್ಷಗಳ ಡಿಪ್ಲೊಮಾ ಪಡೆದವರು ಈ ನೋಂದಣಿಗೆ ಅರ್ಹರಾಗುತ್ತಾರೆ.

ನೋಂದಣಿಯನ್ನು ಕಾಲಕಾಲಕ್ಕೆ ಶುಲ್ಕ ಕಟ್ಟಿ ನವೀಕರಿಸಬೇಕು. ಕಟ್ಟದಿದ್ದರೆ ಹೆಸರು ಪುಸ್ತಕದಿಂದ ಹೋಗುತ್ತದೆ, ಕಟ್ಟಿದರೆ ಮರಳಿ ಸೇರುತ್ತದೆ. ಕರ್ನಾಟಕದಲ್ಲಿ ನೋಂದಣಿ ಮಾಡಿಸಿಕೊಂಡವರು ಬೇರೆ ರಾಜ್ಯಕ್ಕೆ ಹೋಗಿ ನೆಲೆಸಿದರೆ ಅಲ್ಲಿನ ಪರಿಷತ್ತಿಗೆ ನೋಂದಣಿಯನ್ನು ವರ್ಗಾಯಿಸಿಕೊಳ್ಳುವುದಕ್ಕೂ ಅವಕಾಶವಿದೆ. ಹೀಗೆ ನೋಡಿದರೆ, ಹತ್ತು ವರ್ಷ ಮನೆಯಲ್ಲಿದ್ದ ಹೈಜೀನಿಸ್ಟ್ ಒಬ್ಬರಿಗೆ ಪುಸ್ತಕಕ್ಕೆ ಮರಳುವ ಬಾಗಿಲು ಮುಚ್ಚಿಲ್ಲ. ಆದರೆ ಆ ಬಾಗಿಲಿನಲ್ಲಿ ಕಾಯ್ದೆ ಕೇಳುವುದು ಶುಲ್ಕವನ್ನೇ ಹೊರತು ಕೈಯ ಕಸುಬನ್ನಲ್ಲ. ಕಸುಬು ಎಲ್ಲಿಗೆ ಬಂದಿದೆ ಎಂದು ನೋಡುವ, ಕಡಿಮೆಯಾಗಿದ್ದರೆ ತುಂಬಿಕೊಡುವ ಹೊಣೆಯನ್ನು ಅದು ಯಾರಿಗೂ ವಹಿಸಲಿಲ್ಲ. ಮರುಪ್ರವೇಶದ ಸಮಸ್ಯೆಯ ತಿರುಳು ಇರುವುದು ಇಲ್ಲಿಯೇ. 1948ರ ಕಾಯ್ದೆಯ ಸ್ಥಾನಕ್ಕೆ ಬರಲೆಂದು ಸಂಸತ್ತು 2023ರಲ್ಲಿ ಅಂಗೀಕರಿಸಿದ ರಾಷ್ಟ್ರೀಯ ದಂತ ಆಯೋಗ ಕಾಯ್ದೆ, ನೀತಿಸಂಹಿತೆ ಮತ್ತು ನೋಂದಣಿಗಾಗಿ ಪ್ರತ್ಯೇಕ ಮಂಡಳಿಯನ್ನು ಕಲ್ಪಿಸಿದ್ದು, ದಂತ ಸಹಾಯಕ ವೃತ್ತಿಗಳನ್ನೂ ತನ್ನ ವ್ಯಾಪ್ತಿಯೊಳಗೆ ತಂದಿದೆ. ಆದುದರಿಂದ ನಿಯಮಗಳನ್ನು ರೂಪಿಸುವ ಈ ಹಂತದಲ್ಲಿಯೇ ಮರಳುವವರ ಮಾತನ್ನೂ ಎತ್ತಬೇಕಾಗಿದೆ.

ಈ ವೃತ್ತಿ ಅನಿವಾರ್ಯವೇ ಎಂಬ ಪ್ರಶ್ನೆ ಸಹಜ. ದೇಶದಲ್ಲಿ 300ಕ್ಕೂ ಹೆಚ್ಚು ದಂತ ಕಾಲೇಜುಗಳಿದ್ದು, ಹೊಸದಾಗಿ ಪದವಿ ಪಡೆದ ದಂತವೈದ್ಯರು ಕಡಿಮೆ ಸಂಬಳಕ್ಕೂ ದೊರೆಯುವುದರಿಂದ, ಸ್ಕೇಲಿಂಗ್ ಎಂದು ಎಲ್ಲರೂ ಕರೆಯುವ ಕಿಟ್ಟ ತೆಗೆಯುವ ಕೆಲಸವನ್ನು ಅನೇಕ ಕ್ಲಿನಿಕ್‌ಗಳಲ್ಲಿ ಅವರೇ ಮಾಡಿ ಮುಗಿಸುತ್ತಾರೆ. ಆದರೆ ಸ್ಕೇಲಿಂಗ್ ಒಂದು ದಿನದ ಕೆಲಸ. ರೋಗಿ ಆರು ತಿಂಗಳಿಗೊಮ್ಮೆ ಮರಳಿ ಬರುವಂತೆ ನೋಡಿಕೊಳ್ಳುವುದು, ಬ್ರಷ್ ಹಿಡಿಯುವ ಕ್ರಮವನ್ನು ತಿದ್ದುವುದು, ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತದೆ ಎಂಬ ಬೇರೂರಿದ ಭಯವನ್ನು ಮಾತಿನಿಂದ ನಿವಾರಿಸುವುದು ವರ್ಷಗಟ್ಟಲೆ ನಡೆಯುವ ಕೆಲಸ. ಸ್ವೀಡನ್ನಿನಲ್ಲಿ ಆಕ್ಸೆಲ್‌ಸನ್ ಮತ್ತು ಲಿಂಡೆ ಅವರ ತಂಡ 1970ರ ದಶಕದ ಆರಂಭದಲ್ಲಿ ಶುರುಮಾಡಿದ ಅಧ್ಯಯನದಲ್ಲಿ, ಹೈಜೀನಿಸ್ಟರಿಂದ ಕ್ರಮವಾಗಿ ಶುಚಿತ್ವ ಮತ್ತು ತಿಳಿವಳಿಕೆ ಪಡೆದವರು 30 ವರ್ಷಗಳಲ್ಲಿ ಕಳೆದುಕೊಂಡ ಹಲ್ಲುಗಳು, ವಯೋಗುಂಪಿಗೆ ಅನುಗುಣವಾಗಿ, ಸರಾಸರಿ 0.4ರಿಂದ 1.8 ಮಾತ್ರ ಎಂದು 2004ರಲ್ಲಿ ವರದಿಯಾಯಿತು. ಮಧುಮೇಹ ಮತ್ತು ವಸಡಿನ ರೋಗ ಒಂದನ್ನೊಂದು ಉಲ್ಬಣಗೊಳಿಸುತ್ತವೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ಇಷ್ಟು ದೊಡ್ಡ ಹೊರೆಯ ಮುಂದೆ, ತರಬೇತಿ ಪಡೆದ ಒಂದು ಜೊತೆ ಕೈಗಳೂ ಮನೆಯಲ್ಲಿ ಸುಮ್ಮನೆ ಕುಳಿತಿರುವುದು ನಷ್ಟವೇ.

ಜೀಡಿಮೆಟ್ಲಾದ ನೆಲೆ

ಮೇಡ್ಚಲ್–ಮಲ್ಕಾಜಗಿರಿ ಜಿಲ್ಲೆಯ ಕುತ್ಬುಲ್ಲಾಪುರ ಭಾಗದಲ್ಲಿರುವ ಜೀಡಿಮೆಟ್ಲಾ, 1970ರ ದಶಕದಿಂದ ಬೆಳೆದ ಕೈಗಾರಿಕಾ ಪ್ರದೇಶ. ಔಷಧ, ರಾಸಾಯನಿಕ ಮತ್ತು ಯಂತ್ರಭಾಗಗಳ ಕಾರ್ಖಾನೆಗಳ ಸುತ್ತ ಶಾಪುರ್ ನಗರ, ಚಿಂತಲ್, ಸುಚಿತ್ರಾ, ಗಾಜುಲರಾಮಾರಂ, ಸುರಾರಂ ಮೊದಲಾದ ಜನವಸತಿಗಳು ದಟ್ಟವಾಗಿ ಹಬ್ಬಿವೆ. ಇಲ್ಲಿನ ದುಡಿಮೆಗಾರರ ಬಾಯಿಗೆ ಎರಡು ವಿಶೇಷ ಅಪಾಯಗಳಿವೆ. ಜಗಿಯುವ ತಂಬಾಕು ವಸಡನ್ನೂ ಕೆನ್ನೆಯ ಒಳಪದರವನ್ನೂ ಕೆಡಿಸುತ್ತದೆ. ಆಮ್ಲದ ಹಬೆಗೆ ದಿನವೂ ಒಡ್ಡಿಕೊಳ್ಳುವ ಕೆಲಸಗಾರರ ಮುಂಬದಿಯ ಹಲ್ಲುಗಳ ಎನಾಮಲ್, ಅಂದರೆ ಹಲ್ಲಿನ ಗಟ್ಟಿಯಾದ ಹೊರಕವಚ, ನಿಧಾನವಾಗಿ ಸವೆಯುತ್ತದೆಂಬುದು ಔದ್ಯೋಗಿಕ ಆರೋಗ್ಯ ಶಾಸ್ತ್ರಕ್ಕೆ ಬಹುಕಾಲದಿಂದ ತಿಳಿದ ಸಂಗತಿ. ಎರಡನ್ನೂ ಮೊದಲ ಹಂತದಲ್ಲೇ ಗುರುತಿಸಿ ದಂತವೈದ್ಯರ ಗಮನಕ್ಕೆ ತರಬಲ್ಲವರು, ಪ್ರತಿ ಹಲ್ಲನ್ನೂ ಹತ್ತಿರದಿಂದ ನೋಡುವ ಹೈಜೀನಿಸ್ಟರು.

ಇದೇ ಪ್ರದೇಶದ ಸುರಾರಂನಲ್ಲಿ ಮಲ್ಲಾರೆಡ್ಡಿ ದಂತವಿಜ್ಞಾನ ಸಂಸ್ಥೆಯೂ ಮಹಿಳೆಯರಿಗೆಂದೇ ಇರುವ ಮಲ್ಲಾರೆಡ್ಡಿ ಮಹಿಳಾ ದಂತ ಕಾಲೇಜೂ ಇವೆ. ಮೂಸಿ ದಡದ ಅಫ್ಜಲ್‌ಗಂಜಿನಲ್ಲಿ ಸರ್ಕಾರಿ ದಂತ ಕಾಲೇಜು ಇದೆ. ಇವು ಮುಖ್ಯವಾಗಿ ದಂತವೈದ್ಯರನ್ನು ರೂಪಿಸುವ ಕಾಲೇಜುಗಳಾದರೂ, ಮರುತರಬೇತಿಗೆ ಬೇಕಾದ ಹೊರರೋಗಿ ವಿಭಾಗ, ಅಭ್ಯಾಸದ ಬೊಂಬೆತಲೆಗಳು ಮತ್ತು ವಸಡಿನ ಚಿಕಿತ್ಸೆಯ ಅಧ್ಯಾಪಕರು ಇಂಥ ಕಾಲೇಜುಗಳಲ್ಲಿ ಇದ್ದೇ ಇರುತ್ತಾರೆ.

ಕನ್ನಡಿಗರಿಗೂ ಈ ನಗರ ಹೊಸದಲ್ಲ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ನಿಜಾಮರ ಆಳ್ವಿಕೆಯ ಕಾಲದಿಂದಲೂ ಹೈದರಾಬಾದಿನೊಂದಿಗೆ ಓದು, ಉದ್ಯೋಗ ಮತ್ತು ಮದುವೆಯ ಸಂಬಂಧಗಳನ್ನು ಉಳಿಸಿಕೊಂಡಿವೆ. ಆ ಭಾಗದಿಂದ ಬರುವ ಹೆಣ್ಣುಮಕ್ಕಳಲ್ಲಿ ಅನೇಕರಿಗೆ ಕನ್ನಡದ ಜೊತೆಗೆ ದಖನಿ ಹಿಂದಿಯೂ ಸ್ವಲ್ಪ ತೆಲುಗೂ ಬರುವುದರಿಂದ, ತೆಲುಗರೂ ಉತ್ತರ ಭಾರತದ ವಲಸೆ ಕಾರ್ಮಿಕರೂ ಸೇರುವ ಜೀಡಿಮೆಟ್ಲಾದಂಥ ಕಡೆಯಲ್ಲಿ ಅವರ ನಾಲಿಗೆಯೇ ಒಂದು ಅರ್ಹತೆಯಾಗುತ್ತದೆ. ಆದರೆ ಮದುವೆಯಾಗಿ ಗಡಿ ದಾಟಿದವರಿಗೆ ನೋಂದಣಿಯ ವರ್ಗಾವಣೆ, ಪರಿಚಯದ ಕ್ಲಿನಿಕ್‌ಗಳ ಅಭಾವ ಮತ್ತು ತವರಿನ ಆಸರೆಯ ಕೊರತೆ ಮೂರೂ ಒಟ್ಟಿಗೆ ಎದುರಾಗುವುದರಿಂದ, ಒಂದು ವರ್ಷವೆಂದುಕೊಂಡ ವಿರಾಮ ಐದು ವರ್ಷಗಳಾಗಿ ಬೆಳೆಯುವ ಸಂಭವ ಹೆಚ್ಚು.

ವಿರಾಮದ ಕಾರಣಗಳು

ಕೆಲಸ ಬಿಡುವುದಕ್ಕೆ ಮೊದಲ ಕಾರಣ ಮನೆಗೆಲಸದ ಹಂಚಿಕೆ. 2019ರಲ್ಲಿ ನಡೆದ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಪುರುಷರು 97 ನಿಮಿಷಗಳನ್ನೂ ಅದಕ್ಕಾಗಿ ವಿನಿಯೋಗಿಸುತ್ತಾರೆ. ಎರಡನೆಯದು ಕಾನೂನಿನ ಆಸರೆಯ ಮಿತಿ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ಸಂಬಳಸಹಿತ ರಜೆಯನ್ನು 26 ವಾರಗಳಿಗೆ ಹೆಚ್ಚಿಸಿ, 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯಗೊಳಿಸಿತು. ಆದರೆ ಅಂಗಡಿ ಮತ್ತು ಖಾಸಗಿ ಸಂಸ್ಥೆಗಳಿಗೆ ಈ ಸೌಲಭ್ಯ ಅನ್ವಯಿಸುವುದು ಹತ್ತು ಅಥವಾ ಹೆಚ್ಚು ಜನ ದುಡಿಯುವಲ್ಲಿ ಮಾತ್ರ. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದೇ ಗೆರೆಯನ್ನು ಉಳಿಸಿಕೊಂಡಿದೆ. ಒಬ್ಬ ದಂತವೈದ್ಯ, ಒಬ್ಬ ಸಹಾಯಕಿ, ಒಬ್ಬ ಹೈಜೀನಿಸ್ಟ್, ಮುಂದಿನ ಮೇಜಿನಲ್ಲಿ ಇನ್ನೊಬ್ಬರು ಎಂಬಷ್ಟರಲ್ಲಿ ನಡೆಯುವ ಬಡಾವಣೆಯ ಕ್ಲಿನಿಕ್ ಆ ಗೆರೆಯ ಹೊರಗೆ ಉಳಿಯುತ್ತದೆ. ಆದುದರಿಂದ ಅಲ್ಲಿ ದುಡಿಯುವವರಿಗೆ ಹೆರಿಗೆ ಎಂದರೆ ರಜೆಯಲ್ಲ, ಬಹುತೇಕ ರಾಜೀನಾಮೆಯೇ.

ಮೂರನೆಯದು ಸಮಯ. ಬಡಾವಣೆಯ ಕ್ಲಿನಿಕ್‌ಗಳಿಗೆ ಹೆಚ್ಚು ರೋಗಿಗಳು ಬರುವುದು ಸಂಜೆ. ಮಕ್ಕಳು ಶಾಲೆಯಿಂದ ಮನೆಗೆ ಬಂದು, ಓದು ಮತ್ತು ಅಡುಗೆ ಒಟ್ಟಿಗೆ ನಡೆಯಬೇಕಾದದ್ದೂ ಅದೇ ಹೊತ್ತಿನಲ್ಲಿ. ನಾಲ್ಕನೆಯದು ದೇಹ: ದಿನವಿಡೀ ಕತ್ತು ಬಾಗಿಸಿ, ಮಣಿಕಟ್ಟನ್ನು ತಿರುಗಿಸುತ್ತ ಸಣ್ಣ ಉಪಕರಣವನ್ನು ಒತ್ತಿಹಿಡಿಯುವ ಈ ಕೆಲಸದಲ್ಲಿ ಕುತ್ತಿಗೆ, ಭುಜ ಮತ್ತು ಕೈನೋವು ಲೋಕದಾದ್ಯಂತ ದಾಖಲಾಗಿರುವ ತೊಂದರೆ. ನೋವಿನಿಂದ ಬಿಟ್ಟವರು ಅದೇ ಸ್ಟೂಲು, ಅದೇ ಭಂಗಿಗೆ ಮರಳಿದರೆ ನೋವೂ ಮರಳುತ್ತದೆ.

ವಿರಾಮದ ಅವಧಿಯಲ್ಲಿ ಬದಲಾಗುವುದು

ಕಲಿತ ಕಸುಬಿನಲ್ಲಿ ಉಳಿಯುವುದು ಎಷ್ಟು, ಹೊಸದಾಗಿ ಕಲಿಯಬೇಕಾದದ್ದು ಎಷ್ಟು ಎಂಬುದನ್ನು ಬೇರ್ಪಡಿಸಿ ನೋಡಿದರೆ ಮರುತರಬೇತಿಯ ಅಳತೆ ಸ್ಪಷ್ಟವಾಗುತ್ತದೆ.

ಉಳಿಯುವುದು ಮೂಲಕೌಶಲ. ಕ್ಯೂರೆಟ್ ಎಂಬ, ವಸಡಿನ ಒಳಗಿನ ಕಿಟ್ಟವನ್ನು ಕೆರೆದು ತೆಗೆಯುವ ಸಣ್ಣ ಬಾಗಿದ ಉಪಕರಣವನ್ನು ಪೆನ್ನಿನಂತೆ ಹಿಡಿದು, ಉಂಗುರದ ಬೆರಳನ್ನು ಪಕ್ಕದ ಹಲ್ಲಿನ ಮೇಲೆ ಊರಿ, ಅಲಗನ್ನು ಹಲ್ಲಿನ ಮೈಗೆ ಬಹುತೇಕ ಒರಗಿಸಿಕೊಂಡೇ ವಸಡಿನೊಳಗೆ ಇಳಿಸಿ, ಒಳಗೆ ಹೋದ ಮೇಲೆ 45ರಿಂದ 90 ಡಿಗ್ರಿಯ ನಡುವಿನ ಕೋನಕ್ಕೆ ತಿರುಗಿಸಿ ಮೇಲಕ್ಕೆ ಎಳೆಯಬೇಕು. ಇದರಲ್ಲಿ ಕಣ್ಣಿಗಿಂತ ಬೆರಳತುದಿಯೇ ಹೆಚ್ಚು ಕೆಲಸ ಮಾಡುತ್ತದೆ; ಕಿಟ್ಟ ಉಳಿದಿರುವ ಬೇರಿನ ಒರಟು, ಶುಚಿಯಾದ ಬೇರಿನ ನುಣುಪು ಎರಡೂ ಉಪಕರಣದ ಕಾಂಡದ ಮೂಲಕ ಬೆರಳಿಗೆ ತಿಳಿಯುತ್ತವೆ. ವಸಡು ಮತ್ತು ಹಲ್ಲಿನ ನಡುವಿನ ಸಂದಿಯ ಆಳವನ್ನು ಗುರುತುಗೆರೆಗಳಿರುವ ಕಡ್ಡಿಯಿಂದ ಪ್ರತಿ ಹಲ್ಲಿಗೆ ಆರು ಕಡೆ ಅಳೆಯುವಾಗಲೂ ಹಾಗೆಯೇ: 28 ಹಲ್ಲುಗಳಿಗೆ 168 ಅಳತೆಗಳು, ಪ್ರತಿಯೊಂದಕ್ಕೂ ಸುಮಾರು 25 ಗ್ರಾಮಿನಷ್ಟೇ ಒತ್ತಡ. ಹೆಚ್ಚು ಒತ್ತಿದರೆ ಆರೋಗ್ಯವಂತ ವಸಡಿನಲ್ಲೂ ರಕ್ತ ಬಂದು ಅಳತೆ ತಪ್ಪುತ್ತದೆ. ಈಜು ಕಲಿತವರು ಮರೆಯದಂತೆ ಈ ಸ್ಪರ್ಶಜ್ಞಾನ ಪೂರ್ತಿ ಅಳಿಯುವುದಿಲ್ಲ. ಆದರೆ ಬಳಕೆ ತಪ್ಪಿದಾಗ ಒತ್ತಡ ಏರುಪೇರಾಗುತ್ತದೆ, ಕೈ ಬೇಗ ದಣಿಯುತ್ತದೆ, ಒಬ್ಬ ರೋಗಿಗೆ ತಗಲುವ ಸಮಯ ಹೆಚ್ಚುತ್ತದೆ. ಬೊಂಬೆತಲೆಯಲ್ಲಿ ಕೂರಿಸಿದ ಕೃತಕ ಹಲ್ಲುಗಳ ಮೇಲೆ ಕೆಲವು ದಿನ ಕೈ ಪಳಗಿಸಿದ ಮೇಲೆಯೇ ರೋಗಿಯ ಬಾಯಿಗೆ ಕೈ ಹಾಕುವುದು ಸರಿಯಾದ ಕ್ರಮ.

ಹೊಸದಾಗಿ ಕಲಿಯಬೇಕಾದದ್ದು ಮೂರು ಬಗೆಯದು. ಒಂದು, ರೋಗನಾಮಗಳ ವರ್ಗೀಕರಣ. 1999ರ ವರ್ಗೀಕರಣದಲ್ಲಿ ವಸಡಿನ ಆಳದ ರೋಗವನ್ನು ದೀರ್ಘಕಾಲಿಕ, ಉಗ್ರ ಎಂದು ವಿಂಗಡಿಸಲಾಗುತ್ತಿತ್ತು. 2017ರ ಜಾಗತಿಕ ಕಾರ್ಯಾಗಾರದ ನಂತರ 2018ರಲ್ಲಿ ಪ್ರಕಟವಾದ ಹೊಸ ವರ್ಗೀಕರಣ, ರೋಗದ ತೀವ್ರತೆಗೆ ನಾಲ್ಕು ಹಂತಗಳನ್ನೂ ಅದು ಮುಂದುವರಿಯುವ ವೇಗಕ್ಕೆ ಮೂರು ದರ್ಜೆಗಳನ್ನೂ ಗೊತ್ತುಪಡಿಸಿ, ಧೂಮಪಾನ ಮತ್ತು ಮಧುಮೇಹವನ್ನು ದರ್ಜೆ ನಿರ್ಧರಿಸುವ ಅಂಶಗಳಾಗಿ ಸೇರಿಸಿಕೊಂಡಿತು. ಅದಕ್ಕೂ ಮೊದಲು ಕೆಲಸ ಬಿಟ್ಟವರಿಗೆ ಇಂದಿನ ರೋಗಪತ್ರದ ಭಾಷೆಯೇ ಬೇರೆಯಾಗಿ ಕಾಣುತ್ತದೆ.

ಎರಡು, ಸೋಂಕು ನಿಯಂತ್ರಣ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು 1998ರ ನಿಯಮಗಳ ಜಾಗಕ್ಕೆ ಬಂದು, ರಕ್ತ ಹತ್ತಿದ ಹತ್ತಿಗೆ ಹಳದಿ, ಕೈಗವಸು ಮತ್ತು ಪ್ಲಾಸ್ಟಿಕ್ ಕೊಳವೆಗಳಿಗೆ ಕೆಂಪು, ಸೂಜಿಗಳಿಗೆ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿ, ಗಾಜಿಗೆ ನೀಲಿ ಎಂಬ ವಿಂಗಡಣೆಯನ್ನು ವಿಧಿಸಿದವು. 2020ರ ಕೋವಿಡ್ ಕಾಲದಲ್ಲಿ ಅಲ್ಟ್ರಾಸಾನಿಕ್ ಸ್ಕೇಲರ್ ಎಬ್ಬಿಸುವ ಸೂಕ್ಷ್ಮ ತುಂತುರಿನ ಬಗ್ಗೆ ಎಚ್ಚರ ಹೆಚ್ಚಿ, ಬಲವಾದ ಹೀರುಕೊಳವೆ ಮತ್ತು ಚಿಕಿತ್ಸೆಗೆ ಮೊದಲು ಬಾಯಿ ಮುಕ್ಕಳಿಸುವ ಕ್ರಮಕ್ಕೆ ಒತ್ತು ದೊರೆಯಿತು. ಮರಳುವವರು ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸುಗಳು ಪೂರ್ಣವಾಗಿವೆಯೇ, ರಕ್ತದಲ್ಲಿ ಅದರ ಪ್ರತಿರೋಧ ಸಾಕಷ್ಟಿದೆಯೇ ಎಂಬುದನ್ನು ಕೆಲಸಕ್ಕೆ ಸೇರುವ ಮೊದಲೇ ನೋಡಿಕೊಳ್ಳಬೇಕು.

ಮೂರು, ಸಲಕರಣೆ. ಎಕ್ಸ್‌ರೇ ಫಿಲ್ಮಿನ ಜಾಗದಲ್ಲಿ ಕಂಪ್ಯೂಟರಿನ ಪರದೆ ಬಂದಿದೆ. ಇಂಪ್ಲಾಂಟ್, ಅಂದರೆ ದವಡೆಯ ಎಲುಬಿನಲ್ಲಿ ಕೂರಿಸುವ ಕೃತಕ ಬೇರು, ಹೊಂದಿದ ರೋಗಿಗಳು ಹೆಚ್ಚುತ್ತಿದ್ದಾರೆ. ಅದರ ಮೈಗೆ ಸಾಧಾರಣ ಉಕ್ಕಿನ ಉಪಕರಣ ಗೀರು ಹಾಕಬಹುದಾದ್ದರಿಂದ ಬೇರೆ ತುದಿಗಳನ್ನು ಬಳಸಬೇಕಾಗುತ್ತದೆ. ಈ ಯಾವುದನ್ನೂ ಕಲಿಯಲು ಎರಡು ವರ್ಷ ಬೇಕಿಲ್ಲ, ವಾರಗಳು ಸಾಕು. ಆದರೆ ಆ ವಾರಗಳನ್ನು ಯಾರೂ ಒದಗಿಸದಿದ್ದರೆ, ಅರ್ಹತೆಯುಳ್ಳ ಹೈಜೀನಿಸ್ಟ್ ಅದೇ ಕ್ಲಿನಿಕ್ಕಿನ ರಿಸೆಪ್ಷನ್ ಮೇಜಿನ ಹಿಂದೆ ಕೂರುವ ಪರಿಸ್ಥಿತಿ ಬರುತ್ತದೆ.

ಬೇರೆಡೆಯ ಅನುಭವ

ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ದೇಶ ಜಪಾನ್. ಭಾರತ ದಂತವೈದ್ಯರ ಕಾಯ್ದೆಯನ್ನು ತಂದ 1948ರಲ್ಲಿಯೇ ಅದು ಹೈಜೀನಿಸ್ಟರಿಗೆಂದು ಪ್ರತ್ಯೇಕ ಕಾನೂನು ಮಾಡಿತು. ಪರವಾನಗಿ ಪಡೆದವರಲ್ಲಿ ಅರ್ಧದ ಆಸುಪಾಸು ಮಂದಿ ಕೆಲಸದಲ್ಲಿಲ್ಲವೆಂಬುದು ಅಲ್ಲಿ ಗಮನಕ್ಕೆ ಬಂದಾಗ, ಅವರನ್ನು ಕಸುಬು ಬಿಟ್ಟವರೆಂದು ಎಣಿಸದೆ ಸುಪ್ತ ಹೈಜೀನಿಸ್ಟರು ಎಂದು ಹೆಸರಿಸಿ, ಕೆಲಸಕ್ಕೆ ಮರಳುವುದಕ್ಕೂ ಕೆಲಸದಲ್ಲಿ ಇದ್ದವರು ಬಿಡದಂತೆ ತಡೆಯುವುದಕ್ಕೂ ಆರೋಗ್ಯ ಸಚಿವಾಲಯವೇ ನೆರವಿನ ಕಾರ್ಯಕ್ರಮವನ್ನು ರೂಪಿಸಿತು. ಆ ಹೆಸರಿನಲ್ಲಿಯೇ ಒಂದು ನಿಲುವಿದೆ: ಕೌಶಲ ಸತ್ತಿಲ್ಲ, ಮಲಗಿದೆ.

ಬ್ರಿಟನ್ನಿನಲ್ಲಿ ಹೈಜೀನಿಸ್ಟರು ಐದು ವರ್ಷಗಳ ಪ್ರತಿ ಆವರ್ತದಲ್ಲಿ ಕನಿಷ್ಠ 75 ಗಂಟೆಗಳ ಮುಂದುವರಿದ ಕಲಿಕೆಯನ್ನು ದಾಖಲಿಸಬೇಕೆಂಬ ನಿಯಮ 2018ರಿಂದ ಜಾರಿಯಲ್ಲಿದೆ. ಫಿಸಿಯೋಥೆರಪಿ ಮೊದಲಾದ ಇತರ ಆರೋಗ್ಯವೃತ್ತಿಗಳ ನಿಯಂತ್ರಣ ಮಂಡಳಿ ಅಲ್ಲಿ ಅನುಸರಿಸುವ ಅಳತೆ ಇನ್ನೂ ಸರಳ: ವಿರಾಮ ಎರಡು ವರ್ಷಕ್ಕಿಂತ ಕಡಿಮೆಯಾದರೆ ವಿಶೇಷ ಷರತ್ತಿಲ್ಲ, ಎರಡರಿಂದ ಐದು ವರ್ಷವಾದರೆ 30 ದಿನ, ಐದಕ್ಕಿಂತ ಹೆಚ್ಚಾದರೆ 60 ದಿನ ಕಸುಬನ್ನು ನವೀಕರಿಸಿಕೊಳ್ಳಬೇಕು, ಅದರಲ್ಲಿ ಅರ್ಧದವರೆಗೆ ಸ್ವಂತ ಓದಿನಿಂದ ಪೂರೈಸಬಹುದು. ಭಾರತದಲ್ಲಿಯೂ ಮಾದರಿ ಇಲ್ಲವೆಂದಿಲ್ಲ. ವೃತ್ತಿವಿರಾಮ ಪಡೆದ ಮಹಿಳಾ ವಿಜ್ಞಾನಿಗಳು ಪ್ರಯೋಗಾಲಯಕ್ಕೆ ಮರಳಲೆಂದು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2002ರಲ್ಲಿಯೇ ಯೋಜನೆಯೊಂದನ್ನು ಆರಂಭಿಸಿತು. ವಿರಾಮವನ್ನು ಕಳಂಕವೆಂದು ಕಾಣದೆ ಅರ್ಹತೆಯ ಒಂದು ಷರತ್ತಾಗಿಯೇ ಸ್ವೀಕರಿಸಿದ ಆ ಯೋಜನೆಯ ತತ್ತ್ವ, ಡಿಪ್ಲೊಮಾ ಪಡೆದು ದುಡಿಯುವ ಹೆಣ್ಣುಮಕ್ಕಳಿಗೂ ಸಲ್ಲಬೇಕು.

ಸಾಧ್ಯವಿರುವ ದಾರಿ

ಮೇಲಿನ ಸಂಗತಿಗಳನ್ನು ಜೋಡಿಸಿ ನೋಡಿದರೆ ಜೀಡಿಮೆಟ್ಲಾದಂಥ ಪ್ರದೇಶಕ್ಕೆ ಹೊಂದುವ ಕ್ರಮವೊಂದು ಗೋಚರಿಸುತ್ತದೆ. ಮೊದಲನೆಯದಾಗಿ, ನೋಂದಣಿಯನ್ನು ಮರಳಿ ಪಡೆಯುವಾಗಲೇ ವಿರಾಮದ ಅವಧಿಗೆ ತಕ್ಕ 30 ಅಥವಾ 60 ದಿನಗಳ ಮರುತರಬೇತಿಯನ್ನು ಪರಿಷತ್ತು ಗುರುತಿಸಿ, ಅದನ್ನು ಹತ್ತಿರದ ದಂತ ಕಾಲೇಜಿನಲ್ಲಿ ಪೂರೈಸಲು ಅವಕಾಶ ಕಲ್ಪಿಸಬೇಕು. ಮೊದಲ ವಾರ ಬೊಂಬೆತಲೆ, ನಂತರ ಅಧ್ಯಾಪಕರ ಕಣ್ಣೆದುರಿನಲ್ಲಿ ಹೊರರೋಗಿಗಳ ಸೇವೆ, ಕೊನೆಗೆ ಯಾವ ಯಾವ ಕೆಲಸದಲ್ಲಿ ಕೈ ಪಳಗಿದೆ ಎಂಬುದನ್ನು ಒಂದೊಂದಾಗಿ ನಮೂದಿಸಿದ ಪ್ರಮಾಣಪತ್ರ: ಇಷ್ಟಿದ್ದರೆ ಕೆಲಸ ಕೊಡುವ ದಂತವೈದ್ಯರ ಅನುಮಾನ ತಾನಾಗಿಯೇ ನಿವಾರಣೆಯಾಗುತ್ತದೆ. ಮರಳುವವರನ್ನು ಸೋಸಿ ತೆಗೆಯುವುದಕ್ಕಲ್ಲ, ಕೈಹಿಡಿದು ಒಳಗೆ ಕರೆದುಕೊಳ್ಳುವುದಕ್ಕೆ ಈ ತರಬೇತಿ ಇರಬೇಕಾದುದರಿಂದ, ಶುಲ್ಕ ಹಗುರವಾಗಿರಬೇಕು. ತರಗತಿಗಳು ಶಾಲೆಯ ವೇಳೆಯೊಳಗೆ ಮುಗಿಯಬೇಕು.

ಎರಡನೆಯದು ಸಮಯದ ಹೊಂದಾಣಿಕೆ. ಸಂಜೆಯ ಹೊತ್ತೇ ಕ್ಲಿನಿಕ್ಕಿನ ಹೊತ್ತು ಎಂಬ ನಂಬಿಕೆ ಕೈಗಾರಿಕಾ ಪ್ರದೇಶದಲ್ಲಿ ಪೂರ್ತಿ ನಿಜವಲ್ಲ. ಕಾರ್ಖಾನೆಗಳ ಪಾಳಿ ಸಾಮಾನ್ಯವಾಗಿ ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10ಕ್ಕೆ ಬದಲಾಗುವುದರಿಂದ, ಮಧ್ಯಾಹ್ನದ ಪಾಳಿಗೆ ಹೋಗಬೇಕಾದವರಿಗೆ ಬೆಳಗಿನ ಹೊತ್ತು ಬಿಡುವಿರುತ್ತದೆ. ರಾತ್ರಿಪಾಳಿ ಮುಗಿಸಿದವರೂ ಒಂದು ನಿದ್ದೆ ಮುಗಿಸಿ ಮಧ್ಯಾಹ್ನದೊಳಗೆ ಬರಬಲ್ಲರು. ಬೆಳಿಗ್ಗೆ 10ರಿಂದ 2ರವರೆಗಿನ ನಾಲ್ಕು ಗಂಟೆಗಳನ್ನು ಶುಚಿತ್ವ ಮತ್ತು ಮರುಭೇಟಿಯ ರೋಗಿಗಳಿಗೆ ಮೀಸಲಿಟ್ಟರೆ ಪಾಳಿಯ ಕಾರ್ಮಿಕರಿಗೂ ಶಾಲೆಗೆ ಹೋಗುವ ಮಕ್ಕಳ ತಾಯಿಗೂ ಅದೇ ವೇಳೆ ಒದಗುತ್ತದೆ; ಸಂಜೆಯವರೆಗೆ ಖಾಲಿ ಉಳಿಯುವ ಡೆಂಟಲ್ ಚೇರಿಗೂ ಕೆಲಸ ಸಿಗುತ್ತದೆ. ತೆಲಂಗಾಣದಲ್ಲಿ 2023ರ ಡಿಸೆಂಬರಿನಿಂದ ಮಹಿಳೆಯರಿಗೆ ದೊರೆತಿರುವ ಉಚಿತ ಬಸ್ ಪ್ರಯಾಣವು, ಅರ್ಧ ದಿನದ ಸಂಬಳಕ್ಕೆ ದುಡಿಯುವವರ ಖರ್ಚಿನಲ್ಲಿ ಒಂದು ಭಾಗವನ್ನು ಈಗಾಗಲೇ ತಗ್ಗಿಸಿದೆ.

ಮೂರನೆಯದು ಹೊಣೆಯ ಹಂಚಿಕೆ. ಸಣ್ಣ ಕ್ಲಿನಿಕ್ ಒಂದೊಂದೂ ಶಿಶುಪಾಲನಾ ಕೇಂದ್ರ ನಡೆಸಲಾರದು. ಆದರೆ ಕಾನೂನಿನಂತೆ ಅದನ್ನು ನಡೆಸಲೇಬೇಕಾದ ದೊಡ್ಡ ಕಾರ್ಖಾನೆಗಳು ಪಕ್ಕದಲ್ಲಿಯೇ ಇರುವುದರಿಂದ, ಒಪ್ಪಂದದ ಮೇಲೆ ಕೆಲವು ಸ್ಥಾನಗಳನ್ನು ಹಂಚಿಕೊಳ್ಳುವುದು ಅಸಾಧ್ಯವಲ್ಲ. ಪ್ರತಿಯಾಗಿ ಆ ಕಾರ್ಖಾನೆಗಳ ಕಾರ್ಮಿಕರಿಗೆ, ದಂತವೈದ್ಯರ ಮೇಲ್ವಿಚಾರಣೆಯಲ್ಲಿ, ತಂಬಾಕು ಮತ್ತು ಆಮ್ಲದ ಹಾನಿಯ ಕುರಿತು ಬಾಯಿಯ ತಪಾಸಣಾ ಶಿಬಿರಗಳನ್ನು ಏರ್ಪಡಿಸಬಹುದು. ಕುತ್ತಿಗೆನೋವಿನಿಂದ ಕೆಲಸ ಬಿಟ್ಟವರಿಗೆ ಬೆನ್ನಿಗೆ ಆಸರೆಯಿರುವ ಸ್ಟೂಲು, ಚೆನ್ನಾಗಿ ಸಾಣೆ ಹಿಡಿದ ಉಪಕರಣ ಮತ್ತು ರೋಗಿಗಳ ನಡುವೆ ಹತ್ತು ನಿಮಿಷದ ಬಿಡುವನ್ನು ಕ್ಲಿನಿಕ್ಕಿನ ಒಡೆಯರು ಔದಾರ್ಯವೆಂದಲ್ಲ, ಕೆಲಸದ ಷರತ್ತೆಂದೇ ಬರೆದುಕೊಡಬೇಕು.

ಮರಳಬಯಸುವವರು ತಾವಾಗಿ ಮಾಡಿಕೊಳ್ಳಬಹುದಾದದ್ದೂ ಇದೆ. ನೋಂದಣಿ ಪತ್ರ ಜೀವಂತವಾಗಿದೆಯೇ ಎಂದು ಮೊದಲು ವಿಚಾರಿಸಿ, ರಾಜ್ಯ ಬದಲಾಗಿದ್ದರೆ ವರ್ಗಾವಣೆಯ ಅರ್ಜಿ ಹಾಕಬೇಕು. ಲಸಿಕೆಯ ದಾಖಲೆಯನ್ನು ಹುಡುಕಿ ಇಟ್ಟುಕೊಳ್ಳಬೇಕು. ವಿರಾಮದ ವರ್ಷಗಳನ್ನು ಅರ್ಜಿಯಲ್ಲಿ ಮರೆಮಾಚದೆ ಇದ್ದಂತೆ ಬರೆಯಬೇಕು. ಇನ್ನೂ ವಿರಾಮದಲ್ಲಿ ಇರುವವರು ವರ್ಷಕ್ಕೆ ಕೆಲವು ದಿನವಾದರೂ ಹಳೆಯ ಕ್ಲಿನಿಕ್ಕಿನ ಅಥವಾ ಕಾಲೇಜಿನ ಶಿಬಿರಗಳಲ್ಲಿ ಕೈಜೋಡಿಸಿದರೆ ಮರಳುವ ದಾರಿ ಅಷ್ಟು ಹತ್ತಿರವಾಗುತ್ತದೆ.

ಒಟ್ಟಿನಲ್ಲಿ, ಹೈಜೀನಿಸ್ಟರ ಮರುಪ್ರವೇಶಕ್ಕೆ ಅಡ್ಡಿಯಾಗಿರುವುದು ಅವರ ಅಸಾಮರ್ಥ್ಯವಲ್ಲ. ಹೆಸರಿಗೆ ದಾರಿ ಮಾಡಿಕೊಟ್ಟ ವ್ಯವಸ್ಥೆ ಕೈಗೆ ದಾರಿ ಮಾಡಿಕೊಡದೆ ಇರುವುದು. ಸುರಾರಂನ ಕಾಲೇಜುಗಳಿಂದ ಜೀಡಿಮೆಟ್ಲಾದ ಕ್ಲಿನಿಕ್‌ಗಳಿಗೆ ಇರುವುದು ಕೆಲವೇ ಕಿಲೋಮೀಟರ್ ದೂರ. ಆ ದಾರಿಯನ್ನು 60 ದಿನಗಳಲ್ಲಿ ನಡೆದು ಮುಗಿಸುವಂತೆ ಮಾಡುವ ಅಧಿಕಾರ ಪರಿಷತ್ತಿನ ಕೈಯಲ್ಲಿದೆ, ಅನುಕೂಲ ಕಾಲೇಜುಗಳ ಕೈಯಲ್ಲಿದೆ, ನಾಲ್ಕು ಗಂಟೆಯ ಕೆಲಸ ದಂತವೈದ್ಯರ ಕೈಯಲ್ಲಿದೆ. ಹೊಸ ಕಾಯ್ದೆಯ ನಿಯಮಗಳು ರೂಪುಗೊಳ್ಳುತ್ತಿರುವಾಗಲೇ ಈ ಮೂವರೂ ಒಂದೆಡೆ ಕುಳಿತು ಮಾತಾಡಬೇಕು.